ಶಿಕ್ಷಾ ಪಿಚ್ಚರ್

ಮದುವೆಯಾದ ಹೊಸತರಲ್ಲಿ, ಉದಗೀರದ ಕುರಿ ಸಂತೆಯ ಬಯಲಿನಲ್ಲಿ ನಿಂತು, ಭಂಡಾರದ ಚೀಲಕ್ಕೆ ಕೈ ಮುಟ್ಟಿಸಿ ನಮ್ಮ ಮಾವ ನಮ್ಮ ಅತ್ತೆಗೆ ಒಂದು ಮಾತು ಕೊಟ್ಟಿದ್ದರು: “ನಾ ನಿನಗ ಜಲ್ಮದಾಗ ಶಿಕ್ಷಾ ಕೊಡಾಂಗಿಲ್ಲ.”

ಭಂಡಾರ ಅಂದರೆ ಬೀರಪ್ಪ ದೇವರ ಅರಿಶಿನ ಪುಡಿ. ಕುರಿ ಕಾಯುವ ನಮ್ಮ ಮಂದಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ನಿಲಂಗಾದ ಕೋರ್ಟಿಗೆ ಹೋಗಿ ಬಾಯಿಗೆ ಬಂದದ್ದು ಹೇಳಿ ಬರುವವರೂ ಭಂಡಾರ ಮುಟ್ಟು ಅಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮಾವನ ಹೆಸರು ಶ್ರೀಮಂತ. ಹೆಸರಿಗೆ ತಕ್ಕಂತೆ ಆ ಮನುಷ್ಯನ ಹತ್ತಿರ ಇದ್ದ ಆಸ್ತಿ ಈ ಒಂದು ಮಾತೇ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮಾತು ಹುಟ್ಟಿದ್ದು ಒಂದು ಹಿಂದಿ ಸಿನೆಮಾದಿಂದ. ಆವತ್ತು ಮಾವ ಟಗರುಗಳನ್ನು ಮಾರಲು ಮುರುಮದಿಂದ ಉದಗೀರಕ್ಕೆ ಹೋಗಿದ್ದರು. ಹೊಸ ಹೆಂಡತಿ ಬಂಡಮ್ಮನನ್ನೂ ಕರೆದುಕೊಂಡಿದ್ದರು. ಸಂತೆಯ ಪಕ್ಕದಲ್ಲೇ ಟೆಂಟ್ ಸಿನೆಮಾ. ಟೆಂಟಿನವನು ಎಲ್ಲಿಂದಲೋ ಅಗ್ಗಕ್ಕೆ ತಂದ ಪಿಚ್ಚರ್ ಆಗಲೇ ಮುದಿಯಾಗಿತ್ತು, ಬೋಲಪಟ, ಅಂದರೆ ಮಾತಾಡುವ ಸಿನೆಮಾ, ಶುರುವಾದ ಕಾಲದ್ದು. ಪರದೆಯ ತುಂಬ ಗೀರು, ಮಳೆಯಲ್ಲಿ ನಿಂತು ಮಾತಾಡಿದಂತೆ ಕಾಣುತ್ತಿತ್ತಂತೆ. ಯಾವುದೋ ದೊಡ್ಡ ಹಿಂದಿ ಕಾದಂಬರಿಯಿಂದ ತೆಗೆದ ಕಥೆ ಅಂತ ಹೊರಗೆ ಒಬ್ಬ ಬಾಯಿಗೆ ಭೋಂಗಾ ಹಿಡಿದು ಕೂಗುತ್ತಿದ್ದನಂತೆ. ಕಾದಂಬರಿ ಅಂದರೆ ಏನು ಅಂತ ಅತ್ತೆ ಕೇಳಿದ್ದಕ್ಕೆ ಮಾವ, “ದೊಡ್ಡ ಪುಸ್ತಕ. ಓದಲಿಕ್ಕ ಬರದವರ ಸಲುವಾಗಿ ಪಿಚ್ಚರ್ ತೆಗೀತಾರ” ಅಂದಿದ್ದರಂತೆ.

ಕಥೆ ಇಷ್ಟು: ಒಬ್ಬ ಜಮೀನುದಾರನ ಮನೆಯಲ್ಲಿ ತಂದೆತಾಯಿ ಇಲ್ಲದ ಒಂದು ಹುಡುಗಿ. ಎಲ್ಲರ ಎಂಜಲು ಪಾತ್ರೆ ತಿಕ್ಕಿಕೊಂಡು ಇರುತ್ತಾಳೆ. ಪಟ್ಟಣದಿಂದ ಕನ್ನಡಕ ಹಾಕಿದ ಒಬ್ಬ ತರುಣ ಬರುತ್ತಾನೆ. ಒಂದು ದಿನ ಬಾವಿಯ ಹತ್ತಿರ ಅವಳನ್ನು ನಿಲ್ಲಿಸಿ, ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಾನೆ: “ಮೈಂ ತುಮ್ಹೇಂ ಶಿಕ್ಷಾ ದೂಂಗಾ.”

ಮಾವನಿಗೆ ಹಿಂದಿ ಬರುತ್ತದೆ ಅಂತ ಮಾವನೇ ನಂಬಿದ್ದರು. ಅದು ನಿಜಾಮನ ಕಾಲದಿಂದ ಕುರಿ ವ್ಯಾಪಾರಿಗಳ ಬಾಯಲ್ಲಿ ಉಳಿದ ದಖನಿ. ಟಗರಿನ ಹಲ್ಲು ಎಣಿಸಿ ಬೆಲೆ ಎಳೆದಾಡಲಿಕ್ಕೆ ಸಾಕಾಗುವಷ್ಟು. ಆ ಹಿಂದಿಯಲ್ಲಿ ಶಿಕ್ಷಾ ಅನ್ನುವ ಶಬ್ದ ಇರಲಿಲ್ಲ. ಆದರೆ ನಮ್ಮ ಕನ್ನಡದಲ್ಲಿ ಇತ್ತು, ನೆರೆಯವರ ಮರಾಠಿಯಲ್ಲೂ ಇತ್ತು, ಎರಡರಲ್ಲೂ ಅರ್ಥ ಒಂದೇ. ಮಾವ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು: ಈ ಹಾಳಾದಂವಾ ಆಕಿಗಿ ಶಿಕ್ಷಾ ಕೊಡ್ತಾನಂತ.

ಟೆಂಟಿನಲ್ಲಿ ಕೂತವರೆಲ್ಲ ಅದನ್ನೇ ತಿಳಿದುಕೊಂಡಿದ್ದರು. ಪರದೆಯ ಮೇಲೆ ಆ ಹುಡುಗಿ ಮುಖ ಮುಚ್ಚಿಕೊಂಡು ಅತ್ತು ಅವನ ಕಾಲಿಗೆ ಬಿದ್ದಳು. ಮಂದಿ ಶೇಂಗಾದ ಸಿಪ್ಪೆ ತೂರಿದರು. ಹಿಂದೆ ಕೂತ ಒಬ್ಬ ಮುದುಕಿ ಅವನ ವಂಶವನ್ನೇ ಶಪಿಸಿದಳು. ಅಲ್ಲಿಂದ ಮುಂದೆ ಅವನು ಏನು ಮಾಡಿದರೂ ತಪ್ಪೇ. ಅಕ್ಷರ ಬರೆಯುವ ಪಾಟಿ ಹಿಡಿದುಕೊಂಡು ಬಂದರೆ ಅದರಿಂದಲೇ ಬಡಿಯುತ್ತಾನೆ ಅಂತ ಹೆಂಗಸರು ಕಣ್ಣು ಮುಚ್ಚಿಕೊಂಡರು. ಕೊನೆಗೆ ಆ ಹುಡುಗಿ ದೊಡ್ಡವಳಾಗಿ, ಕೈಯಲ್ಲಿ ಬೆತ್ತ ಹಿಡಿದು, ಸಣ್ಣ ಹುಡುಗಿಯರ ಎದುರು ನಿಂತಾಗ ಪಿಚ್ಚರ್ ಮುಗಿಯಿತು. ಶಿಕ್ಷೆ ತಿಂದವಳೇ ಈಗ ಬೇರೆಯವರಿಗೆ ಶಿಕ್ಷೆ ಕೊಡುತ್ತಿದ್ದಾಳೆ, ಲೋಕವೇ ಹೀಗೆ, ಅಂತ ಮಾತಾಡಿಕೊಳ್ಳುತ್ತ ಜನ ಎದ್ದರು.

ಅತ್ತೆ ಮಾತ್ರ ಹೊರಗೆ ಬಂದರೂ ಅಳು ನಿಲ್ಲಿಸಲಿಲ್ಲ. ಅವರ ಅಕ್ಕನನ್ನು ಸಾಸ್ತೂರಕ್ಕೆ ಕೊಟ್ಟಿತ್ತು. ಆ ಅಕ್ಕನ ಬೆನ್ನ ಮೇಲಿನ ಬಾಸುಂಡೆಗೆ ತಮ್ಮ ಮದುವೆಗೆ ಮೊದಲು ಎಣ್ಣೆ ಹಚ್ಚಿದವರು ಇವರೇ. ಮಾವನಿಗೆ ಅದು ಗೊತ್ತಿತ್ತು. ಅಲ್ಲೇ ಸೊಂಟದ ಭಂಡಾರದ ಚೀಲ ಬಿಚ್ಚಿದರು, ಮುಟ್ಟಿದರು, ಮಾತು ಕೊಟ್ಟರು. ಆಮೇಲೆ ಆಕೆಯನ್ನು ನಗಿಸಲಿಕ್ಕೆ ಭಾಂಡೆ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಹಿತ್ತಾಳೆ ತಂಬಿಗೆ ಕೊಡಿಸಿ ಅದರ ಮೇಲೆ ಹೆಸರು ಕೆತ್ತಿಸಿದರು. ಮಾವ ನಾಲ್ಕನೆಯ ತರಗತಿ ತನಕ ಕನ್ನಡ ಶಾಲೆಗೆ ಹೋದವರು. ಕೆತ್ತುವವನಿಗೆ ಕನ್ನಡ ಬರುತ್ತಿರಲಿಲ್ಲ. ಮಾವ ಮಣ್ಣಿನಲ್ಲಿ ಬೆರಳಿಂದ ಬರೆದು ತೋರಿಸಿದರು, ಅವನು ಚಿತ್ರ ನೋಡಿಕೊಂಡಂತೆ ನೋಡಿ ಕೆತ್ತಿದ. ಹಾಗಾಗಿ ಅಕ್ಷರ ಸೊಟ್ಟ, ನಡುವಿನ ಒಂದು ಸೊನ್ನೆ ಲೆಕ್ಕಕ್ಕಿಂತ ದೊಡ್ಡದು.

ಏನು ಬರೆಸಿದಿರಿ ಅಂತ ಅತ್ತೆ ಕೇಳಿದರು. “ಕುರಿ ಅಂತ ಬರಸೀನಿ” ಅಂದರು ಮಾವ.

ಈ ಚೇಷ್ಟೆ ಅವರ ಸಂಸಾರದಷ್ಟೇ ದಿನ ಬಾಳಿತು. ನಾನು ಬಸವಕಲ್ಯಾಣದ ಕಡೆಯಿಂದ ಸೊಸೆಯಾಗಿ ಬಂದಾಗ, ಕನ್ನಡ ಓದಿದವಳು ಅಂತ ಗೊತ್ತಾಗಿ, ಮೊದಲ ವಾರವೇ ಅತ್ತೆ ತಂಬಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ನನ್ನ ಮುಂದೆ ಇಟ್ಟರು. ನಾನು ಬಂಡಮ್ಮ ಅಂತ ಓದಿದೆ. ಅವರು ನನ್ನನ್ನು ಓರೆಗಣ್ಣಿನಿಂದ ನೋಡಿ, ನೀನು ನಿಮ್ಮ ಮಾವನ ಪಾರ್ಟಿ, ಅಂದರು. ನಂಬದಿರಲು ಅವರಿಗೆ ಕಾರಣ ಇತ್ತು. ನಮ್ಮ ಕುರಿಗಳಿಗೆ, ಉಣ್ಣೆ ಕತ್ತರಿಸಿದ ಮೇಲೆ, ಬೆನ್ನಿಗೆ ಕೆಂಪು ಬಣ್ಣದಲ್ಲಿ ಒಂದು ದುಂಡು ಗುರುತು ಹಾಕುತ್ತೇವೆ. ಬೇರೆಯವರ ಹಿಂಡಿನಲ್ಲಿ ಸೇರಿದರೂ ಗೊತ್ತಾಗಬೇಕಲ್ಲ. ಮೊದಲಿಂದಲೂ ಅದನ್ನು ಹಾಕುವವರು ಅತ್ತೆಯೇ. ತಂಬಿಗೆಯ ನಡುವಿನ ಆ ದೊಡ್ಡ ಸೊನ್ನೆ ಥೇಟ್ ಕುರಿಯ ಬೆನ್ನ ಮೇಲಿನ ಗುರುತೇ. ಮತ್ತೇನು ಬರೆಸಿರುತ್ತಾನೆ ಈ ಮನುಷ್ಯ?

ತಾನೇ ಓದಿ ನೋಡಬೇಕು ಅನ್ನುವ ಆಸೆ ಅಲ್ಲಿಂದ ಹುಟ್ಟಿದ್ದು. ಕಲಿಸಿರಿ ಅಂತ ಹರೆಯದಲ್ಲಿ ಒಂದೆರಡು ಸಲ ಕೇಳಿದ್ದರಂತೆ. ಓದಿ ಯಾರಿಗೆ ಹೇಳುತ್ತಿ, ಕುರಿಗಾ, ಅಂತ ಮಾವ ನಕ್ಕರಂತೆ. ಆಮೇಲೆ ಅತ್ತೆ ಕೇಳಲಿಲ್ಲ.

ಆದರೆ ಶಿಕ್ಷೆಯ ಮಾತನ್ನು ಮಾವ ಉಳಿಸಿಕೊಂಡರು. ಒಮ್ಮೆ ಅತ್ತೆ ಹಟ್ಟಿಯ ಮುಳ್ಳುಬೇಲಿ ಸರಿಯಾಗಿ ಮುಚ್ಚದೆ ಬಂದದ್ದರಿಂದ ತೋಳ ಮರಿಗಳನ್ನು ಹೊತ್ತುಕೊಂಡು ಹೋಯಿತು. ಮಾವನ ಕೈ ಮೇಲೆ ಹೋಗಿತ್ತು. ಮೇಲೆ ಹೋದ ಕೈ ಹಾಗೇ ತಲೆಯ ರುಮಾಲಿಗೆ ಹೋಯಿತು. ಅದನ್ನು ಬಿಚ್ಚಿ ಮತ್ತೆ ಸುತ್ತಿಕೊಂಡು, ಹೊರಗೆ ಹೋಗಿ ಒಂದು ಹೋತಕ್ಕೆ ಮನಸ್ಸು ತೀರುವಷ್ಟು ಬೈದು ಬಂದರು. ಜಗಳ ಬಂದರೆ ಅತ್ತೆ ಸೊಂಟಕ್ಕೆ ಕೈ ಇಟ್ಟುಕೊಂಡು, ಕೊಡ್ರಿ, ಶಿಕ್ಷಾ ಕೊಡ್ರಿ ನೋಡೋಣ, ಅನ್ನುತ್ತಿದ್ದರು. ಮಾವ ತಣ್ಣಗಾಗುತ್ತಿದ್ದರು. ಅಂಥವರ ಕೈಯಲ್ಲಿ ಬೆಳೆದ ನನ್ನ ಗಂಡ ಉಮಾಕಾಂತ ನನ್ನ ಮೇಲೆ ಇವತ್ತಿನ ತನಕ ಕೈ ಎತ್ತಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೊಡೆದು ಹೊಡೆದು ಸಿಟ್ಟಿನಿಂದ ಮನೆಗೆ ಬಂದರೂ ರುಮಾಲು ಬಿಚ್ಚಿ ಕಟ್ಟುತ್ತಾನೆ, ಅಷ್ಟೆ.

ನಮ್ಮ ಮನೆಯಲ್ಲಿ ಆ ಸಿನೆಮಾಕ್ಕೆ ಹೆಸರು ಶಿಕ್ಷಾ ಪಿಚ್ಚರ್. ಅದರ ಖರೆ ಹೆಸರು ಯಾರಿಗೂ ನೆನಪಿರಲಿಲ್ಲ.

ಮಗಳು ಕಾಜಲ ಉಮರ್ಗಾದ ಕಾಲೇಜಿನಲ್ಲಿ ಬಿ.ಎ. ಓದುತ್ತಾಳೆ. ಹಿಂದಿ ಪೇಪರಿಗೆ ಒಂದು ಕಾದಂಬರಿ ಇತ್ತು. ಅದನ್ನು ತಲೆದಿಂಬಿನ ಹಾಗೆ ತಲೆಯ ಕೆಳಗೆ ಇಟ್ಟುಕೊಂಡು ಮಲಗುವುದು ಬಿಟ್ಟರೆ ಅವಳು ಬೇರೆ ಉಪಯೋಗ ಮಾಡಿದ್ದನ್ನು ನಾನು ನೋಡಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ, ಅದೇ ಕಾದಂಬರಿಯ ಹಳೆಯ ಸಿನೆಮಾ ಮೊಬೈಲಿನಲ್ಲಿ ಸಿಕ್ಕಿತು, ಎರಡು ತಾಸಿನಲ್ಲಿ ಪುಸ್ತಕ ಮುಗಿಯುತ್ತದೆ, ಅಂದಳು. ಹಣ ಕೊಟ್ಟು ಕೊಂಡ ಪುಸ್ತಕ ನೋಡಿ ನನ್ನ ಹೊಟ್ಟೆ ಉರಿಯಿತು. ಆದರೆ ಬೆಳಗ್ಗೆ ಶಾಲೆಯಲ್ಲಿ ಖಿಚಡಿ ಬೇಯಿಸಿ ಬಂದು, ಮಧ್ಯಾಹ್ನ ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತ ಕೂತವಳಿಗೆ ಜಗಳ ಆಡುವ ಶಕ್ತಿಯೂ ಉಳಿದಿರಲಿಲ್ಲ. ನೋಡಿಕೋ ಅಂದೆ.

ಅತ್ತೆ ಮೊರ ಹಿಡಿದು ತೊಗರಿ ಬೇಳೆ ಹಸನ ಮಾಡುತ್ತಿದ್ದರು. ಮೊಬೈಲಿನಿಂದ ಕರಕರ ಅನ್ನುವ ಹಳೆಯ ದನಿಗಳು ಬರುತ್ತಿದ್ದವು. ಒಂದು ರಾಟೆಯ ಸಪ್ಪಳ, ಕೊಡ ಬಾವಿಗೆ ಬಿದ್ದ ಸಪ್ಪಳ. ಆಮೇಲೆ ಒಬ್ಬ ಗಂಡಸು ಮೂಗಿನಲ್ಲಿ ಹಾಡಿದಂತೆ ಅಂದ: ಮೈಂ ತುಮ್ಹೇಂ ಶಿಕ್ಷಾ ದೂಂಗಾ.

ಅತ್ತೆಯ ಕೈಯಲ್ಲಿ ಮೊರ ನಿಂತಿತು. “ಇಂವಾ ಇನ್ನಾ ಸತ್ತಿಲ್ಲೇನ” ಅಂದರು.

ಕಾಜಲ ಮೊಬೈಲ್ ನಿಲ್ಲಿಸಿ ಆಯಿಯ, ಅಂದರೆ ಅಜ್ಜಿಯ, ಮುಖ ನೋಡಿದಳು. ಅತ್ತೆ ಸರಿದು ಬಂದು, ಕನ್ನಡಕ ಏರಿಸಿ, ಆ ಸಣ್ಣ ಪರದೆಯಲ್ಲಿ ಅವನನ್ನು ಗುರುತು ಹಿಡಿದರು. ಈಗ ಆಕಿಗಿ ಶಿಕ್ಷಾ ಕೊಡ್ತಾನ, ನೋಡಬ್ಯಾಡ, ಅಂತ ಮೊಮ್ಮಗಳ ಕಣ್ಣಿಗೆ ಕೈ ಅಡ್ಡ ಹಿಡಿದರು. ಕಾಜಲಳಿಗೆ ಈ ಮನೆಯ ಕಥೆ ಚಿಕ್ಕಂದಿನಿಂದ ಗೊತ್ತು. ಅವಳು ಬಾಯಿಗೆ ಓಢಣಿ ಹಿಡಿದುಕೊಂಡು ನಗಲು ಶುರು ಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆ ಹೇಳಿದಳು.

“ಆಯಿ, ಹಿಂದ್ಯಾಗ ಶಿಕ್ಷಾ ಅಂದ್ರ ಹೊಡಿಯೋದು ಅಲ್ಲ. ಓದಸೋದು. ಅಕ್ಷರ ಕಲಸೋದು. ಅಂವಾ ಆಕಿಗಿ ಸಾಲಿ ಕಲಸ್ತೀನಿ ಅನ್ಲಿಕತ್ತಾನ.”

“ಮತ್ತ ಆಕಿ ಯಾಕ ಅತ್ತಳು?”

“ಖುಷಿಗಿ ಅತ್ತಾಳ.”

ನನಗೂ ಗೊತ್ತಿರಬೇಕಾದ ಸಂಗತಿಯೇ. ಶಾಲೆಯಲ್ಲಿ ಹಿಂದಿ ಕಲಿತಿದ್ದೆ. ಆದರೆ ಆ ಕಥೆಯನ್ನು ಕೇಳುವಾಗ ಪರದೆಯ ಮೇಲಿನವನು ಅಂದದ್ದು ಏನು ಅಂತ ಯಾರು ಕೇಳುತ್ತಾರೆ? ಮಾವ ಕೊಟ್ಟ ಮಾತೇ ಕಿವಿ ತುಂಬಿರುತ್ತಿತ್ತು. ಹಿಂದಿಯವನು ಉರ್ದುವಿನಲ್ಲಿ ತಾಲೀಮ ಅಂದಿದ್ದರಾದರೂ ಗೊತ್ತಾಗುತ್ತಿತ್ತೇನೋ ಅಂದರೆ, ಊಹುಂ, ನಮ್ಮ ಕಡೆ ತಾಲೀಮು ಅಂದರೆ ಕುಸ್ತಿಯ ಗರಡಿ. ಆಗ ಹುಡುಗಿಯನ್ನು ಕುಸ್ತಿಗೆ ಬಿಡುತ್ತಾನೆ ಅಂತ ಟೆಂಟಿನವರು ಸಿಪ್ಪೆ ತೂರುತ್ತಿದ್ದರು.

ಅತ್ತೆ ನಗಲಿಲ್ಲ. ಬೇಳೆಯ ಮೊರ ಪಕ್ಕಕ್ಕಿಟ್ಟು, ಮೊದಲಿಂದ ಹಚ್ಚು ಅಂದರು. ಇಡೀ ಪಿಚ್ಚರ್ ಮತ್ತೆ ನೋಡಿದರು. ಪಾಟಿ ತಂದಾಗ ಕಣ್ಣು ಮುಚ್ಚಲಿಲ್ಲ. ಕೊನೆಗೆ ಆ ಹುಡುಗಿ ಬೆತ್ತ ಹಿಡಿದು ಹುಡುಗಿಯರ ಎದುರು ನಿಂತಾಗ, ಅದು ಬೆತ್ತದಿಂದ ಹಲಗೆಯ ಮೇಲಿನ ಅಕ್ಷರ ತೋರಿಸುವುದು ಅಂತ ಕಾಜಲ ಹೇಳಿದಾಗ, ಹೂಂ ಅಂದರು. ಆಮೇಲೆ ಎದ್ದು ಹೋಗಿ ತಂಬಿಗೆ ತಂದು ತೊಡೆಯ ಮೇಲೆ ಇಟ್ಟುಕೊಂಡು, ಮಾವ ಬರುವ ದಾರಿ ಕಾಯುತ್ತ ಹೊಸ್ತಿಲಲ್ಲಿ ಕೂತರು.

ಹೊತ್ತು ಮುಳುಗುವಾಗ ಮಾವ ಕುರಿ ಹೊಡೆದುಕೊಂಡು ಬಂದರು. ಈಗ ದೊಡ್ಡ ಹಿಂಡಿಲ್ಲ, ಕೈಬೆರಳಲ್ಲಿ ಎಣಿಸುವಷ್ಟು ಕುರಿ. ಕಾಲು ತೊಳೆಯುವ ಮೊದಲೇ ಅತ್ತೆ ಸುದ್ದಿ ಹೇಳಿದರು. ಮಾವ ಮೊದಲು ನಕ್ಕರು. ಕಾಜಲಳನ್ನು ಕರೆದು ಖರೆ ಏನವಾ ಅಂತ ಕೇಳಿದರು. ಖರೆ ಅಂತ ಗೊತ್ತಾದ ಮೇಲೆ ನಗು ಎಲ್ಲಿ ಇಡಬೇಕು ಅಂತ ತಿಳಿಯದೆ ಮುಖದ ಮೇಲೇ ಬಿಟ್ಟುಕೊಂಡು ನಿಂತರು.

“ಉಮ್ಯಾನ ಅಪ್ಪಾ” ಅಂದರು ಅತ್ತೆ, “ನನಗ ಶಿಕ್ಷಾ ಕೊಡ್ರಿ.”

ಜಗಳದಲ್ಲಿ ಸಾವಿರ ಸಲ ಅಂದ ಮಾತೇ. ಈ ಸಲ ಸೊಂಟದ ಮೇಲೆ ಕೈ ಇರಲಿಲ್ಲ. ತಂಬಿಗೆಯ ಮೇಲೆ ಇತ್ತು.

ಮಾವ ಒಲ್ಲೆ ಅಂದರು. ಭಂಡಾರ ಮುಟ್ಟಿದ್ದೇನೆ ಅಂದರು. ಕಾಜಲ ನಡುವೆ ಬಂದು, ಮುತ್ಯಾ, ನೀ ಮುಟ್ಟಿದ್ದು ಹೊಡಿಯಾಂಗಿಲ್ಲ ಅಂತ, ಅರ್ಥ ಬ್ಯಾರೆ, ದೇವರಿಗಿ ಅಷ್ಟು ತಿಳಿಯಲ್ಲೇನ, ಅಂತ ವಾದ ಮಾಡಿದಳು. ಮಾವ ತಲೆ ಅಲ್ಲಾಡಿಸಿದರು.

“ಅರ್ಥ ಕೊಟ್ಟಿಲ್ಲವಾ ನಾ. ಶಬ್ದ ಕೊಟ್ಟೀನಿ. ಶಿಕ್ಷಾ ಅಂತ ಅಂದೀನಿ. ಶಬ್ದಂದ್ರ ಶಬ್ದ.”

ಕಾಜಲ ಸೋಲುವವಳಲ್ಲ. ಹಾಗಾದರೆ ಅದಕ್ಕೆ ಶಿಕ್ಷಾ ಅನ್ನುವುದೇ ಬೇಡ, ಅಭ್ಯಾಸ ಅನ್ನೋಣ, ನೀನು ಆಯಿಗೆ ಅಭ್ಯಾಸ ಮಾಡಿಸು, ಮಾತೂ ಉಳಿಯಿತು, ಅಕ್ಷರವೂ ಬಂತು, ಅಂದಳು. ಮಾವನ ಮುಖ ಅರಳಿತು. ಆದರೆ ಅತ್ತೆ ಒಪ್ಪಲಿಲ್ಲ. ಆ ಬಾವಿಯ ಹತ್ತಿರ ಆ ಹುಡುಗಿಗೆ ಕೊಟ್ಟದ್ದು ಏನೋ ಅದೇ ಬೇಕು, ಅದೇ ಹೆಸರಿನಿಂದ ಬೇಕು, ಅಂದರು. ಆಕೆಗಾಗಿ ಸುಮ್ಮಸುಮ್ಮನೆ ಅತ್ತಿದ್ದೇನೆ, ಆ ಅಳುವಿಗಾದರೂ ಏನಾದರೂ ಸಿಗಬೇಡವೇ?

ಮರುದಿನ ನಾನೇ ಕಲಿಸುತ್ತೇನೆ ಅಂತ ಹೇಳಿ ನೋಡಿದೆ. ಹುಕ್ಕು ಹಚ್ಚುತ್ತಲೇ ಕಲಿಸಬಹುದು, ಎಷ್ಟು ಹೊತ್ತಿನ ಮಾತು. ಅತ್ತೆ ನನ್ನ ಕೆನ್ನೆ ಸವರಿದರು. “ನೀ ಕಲಸಿದರ ಅದು ಕಲಿಯೋದು ಆಯ್ತು. ಶಿಕ್ಷಾ ಕೊಡಾಂಗಿಲ್ಲ ಅಂದಂವಾ ನೀ ಅಲ್ಲ” ಅಂದರು.

ಆ ವಾರ ಮನೆ ಬಿಗಿದುಕೊಂಡಿತ್ತು. ಇಬ್ಬರೂ ಜಗಳ ಆಡಲಿಲ್ಲ, ಅದೇ ನನಗೆ ಹೆದರಿಕೆ. ಅತ್ತೆ ಊಟಕ್ಕೆ ಬಡಿಸಿ, ನೀರನ್ನು ಅದೇ ತಂಬಿಗೆಯಲ್ಲಿ ತಂದು ಅಕ್ಷರದ ಮಗ್ಗುಲು ಮಾವನ ಕಡೆ ತಿರುಗಿಸಿ ಇಡುತ್ತಿದ್ದರು. ಮಾವ ಅದನ್ನು ಮೆಲ್ಲಗೆ ಆಚೆ ತಿರುಗಿಸಿ ಕುಡಿಯುತ್ತಿದ್ದರು. ಮನಸ್ಸಿನಲ್ಲಿ ನಾನೂ ತೂಗಿ ನೋಡುತ್ತಿದ್ದೆ. ಒಂದು ತಪ್ಪು ತಿಳಿವಳಿಕೆಯ ನೆರಳಿನಲ್ಲಿ ಈ ಮನೆಯ ಎರಡು ತಲೆಮಾರಿನ ಹೆಂಗಸರು ಬೆನ್ನ ಮೇಲೆ ಬಾಸುಂಡೆ ಇಲ್ಲದೆ ಬಾಳಿದ್ದೇವೆ. ಅದನ್ನು ಮುಟ್ಟಿದರೆ ಏನು ಉದುರುತ್ತದೋ. ಆದರೆ ಅತ್ತೆಯ ಬೆರಳು ದಿನಕ್ಕೆ ಎಷ್ಟು ಸಲ ಆ ಸೊಟ್ಟ ಅಕ್ಷರಗಳ ಮೇಲೆ ಆಡುತ್ತಿತ್ತು ಅನ್ನುವುದನ್ನೂ ನೋಡುತ್ತಿದ್ದೆನಲ್ಲ.

ಶನಿವಾರ ಸಂಜೆ ನಾನು ನಲ್ಲಿಯಲ್ಲಿ ನೀರು ತುಂಬುತ್ತಿದ್ದಾಗ ಮಾವ ಬಂದು ಕಟ್ಟೆಯ ಮೇಲೆ ಕೂತರು. ಕುರಿಯ ಬಗ್ಗೆ, ಮೇವಿನ ಬಗ್ಗೆ ಏನೇನೋ ಅಂದು, ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

“ಹೊಡಿಲಿಲ್ಲ ಅಂತ ಎದಿ ಉಬ್ಬಿಸಿಕೊಂಡು ತಿರಗೀನವಾ. ಆಕಿ ಕಲಸರಿ ಅಂತ ಕೇಳಿದಾಗ ನಕ್ಕೀನಿ. ಕೊಡಬಾರದ್ದು ಕೊಡಲಿಲ್ಲ, ಕೊಡಬೇಕಾದ್ದೂ ಕೊಡಲಿಲ್ಲ. ಎರಡೂ ಒಂದೇ ಶಬ್ದದಾಗ ಹ್ಯಾಂಗ ಬಂದು ಕೂತವು?”

ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಮಾವನೇ ಎದ್ದು ನಲ್ಲಿ ಬಂದ್ ಮಾಡಿದರು. ಮಾತು ಮುರಿದರೆ ಬೀರಪ್ಪ ಏನು ಮಾಡಬಹುದು ಅಂತ ಕೇಳಿದೆ. ಏನಾದರೂ ಮಾಡಿದರೆ ನನಗೆ ಮಾಡಲಿ, ಕುರಿಗಳಿಗೆ ಮಾಡದಿರಲಿ, ಅಂದರು. ಅಷ್ಟರಲ್ಲೇ ಅವರ ಮನಸ್ಸು ಯಾವ ಕಡೆ ವಾಲಿದೆ ಅಂತ ನನಗೆ ಗೊತ್ತಾಯಿತು.

ಭಾನುವಾರ ಬೀರಪ್ಪನ ದಿನ. ಮಾವ ಮೈ ತೊಳೆದು, ಒಗೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿಕೊಂಡು ದೇವರ ಜಗಲಿಯ ಮುಂದೆ ಕೂತರು. ಪೂಜೆ ಮುಗಿದ ಮೇಲೂ ಏಳಲಿಲ್ಲ. ಹಿಟ್ಟು ನಾದುವ ಪರಾತ ತರಿಸಿಕೊಂಡರು. ಭಂಡಾರದ ಚೀಲ ಬಿಚ್ಚಿ ಅದರಲ್ಲಿ ಸುರಿದು ಅಂಗೈಯಿಂದ ಸಮ ಮಾಡಿದರು. ಹಳದಿ ನೆಲದಂತೆ ಆಯಿತು. ಯಾವುದರ ಮೇಲೆ ಆಣೆ ಇಟ್ಟಿದ್ದರೋ ಅದನ್ನೇ ಪಾಟಿ ಮಾಡುತ್ತಿದ್ದರು. ಕದ್ದು ಮುಚ್ಚಿ ಮಾಡುವ ಮನುಷ್ಯ ಅಲ್ಲ ಅವರು, ದೇವರಿಗೆ ಕಾಣುವಂತೆಯೇ ಮಾಡಬೇಕಿತ್ತು.

“ಉಮ್ಯಾನ ಅವ್ವಾ, ಬಾ ಇಲ್ಲಿ” ಅಂದರು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಎದುರು ಕೂತರು. ಮಾವ ಅವರ ತೋರುಬೆರಳು ಹಿಡಿದು ಭಂಡಾರದಲ್ಲಿ ಎಳೆಯಲು ಹೋಗಿ ಅರ್ಧಕ್ಕೇ ನಿಂತರು. ಏನು ಬರೆಸುತ್ತಿದ್ದೇನೆ ಅಂತ ಬಾಯಲ್ಲಿ ಹೇಳಬೇಕಲ್ಲ. ನಮ್ಮ ಹಿರಿಯರಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಗಂಡನೂ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಮಾವ ಆ ಹೆಸರನ್ನು ಮಣ್ಣಿನಲ್ಲಿ ಬರೆದಿದ್ದರು, ಹಿತ್ತಾಳೆಯ ಮೇಲೆ ಕೆತ್ತಿಸಿದ್ದರು, ಹೆಂಡತಿಯ ಎದುರು ಒಮ್ಮೆಯೂ ಬಾಯಿಂದ ಅಂದಿರಲಿಲ್ಲ. ನನ್ನ ಕಡೆ ನೋಡಿದರು. ನಾನು ಬ್ಲೌಸು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತೆ. ಕಾಜಲಳ ಕೈ ಜಗ್ಗಿ ಅವಳನ್ನೂ ತಿರುಗಿಸಿದೆ.

“ಬಂ” ಅಂದರು ಮಾವ, ಕೆಮ್ಮಿದಂತೆ.

ಬ ಅಕ್ಷರ ಅತ್ತೆಯ ಬೆರಳಿಗೆ ಒಲಿಯಲಿಲ್ಲ. ಸುತ್ತು ತಪ್ಪುತ್ತಿತ್ತು, ಮಾವ ಅಳಿಸಿ ಸಮ ಮಾಡುತ್ತಿದ್ದರು, ಮತ್ತೆ ತಪ್ಪುತ್ತಿತ್ತು. ಮುಂದಿನದು ಬರೆ, ಒಂದು ಸೊನ್ನಿ, ಅಂದರು. ಅತ್ತೆ ಒಂದೇ ಸಲಕ್ಕೆ, ಕೈ ಎತ್ತದೆ, ದುಂಡಗೆ ಎಳೆದುಬಿಟ್ಟರು. ಕಾಜಲ ತಡೆಯಲಾರದೆ ಹೊರಳಿ ನೋಡಿದಳು, ನಾನೂ ನೋಡಿದೆ. ಅಷ್ಟು ಚಂದದ ಸೊನ್ನೆ ನನಗೂ ಬರೆಯಲು ಬರುವುದಿಲ್ಲ.

ಅತ್ತೆ ಅದನ್ನು ನೋಡಿದರು. ಮಾವನ ಮುಖ ನೋಡಿದರು. “ಇದು ಕುರಿ ಗುರ್ತ ಅದ” ಅಂದರು.

“ಕುರಿ ಬೆನ್ನ ಮ್ಯಾಲೆ ಕುರಿ ಗುರ್ತ. ಇಲ್ಲಿ ನಿನ್ನ ಹೆಸರಿನ ಸೊನ್ನಿ. ಇಷ್ಟು ವರ್ಷ ನೀ ಕುರಿ ಬೆನ್ನ ಮ್ಯಾಲೆ ಅದನ್ನೇ ಬರಕೋತ ಬಂದೀದಿ.”

ಅತ್ತೆ ತಂಬಿಗೆ ಎಳೆದುಕೊಂಡರು. ಹಳದಿ ಬೆರಳು ಹಿತ್ತಾಳೆಯ ಮೇಲೆ ಮೆಲ್ಲಗೆ ಸರಿದು ಆ ದೊಡ್ಡ ಸೊನ್ನೆಯ ಮೇಲೆ ನಿಂತಿತು. ಅದರ ಹಿಂದಿದ್ದ ಬ ಅಕ್ಷರದ ಸುತ್ತನ್ನು ಪರಾತದಲ್ಲಿನ ಸುತ್ತಿನ ಜೊತೆ ಹಿಡಿದು ನೋಡಿದರು. ಬಂ, ಅಂದರು. ಮುಂದಿನದು ಡ, ಅದರ ಮುಂದಿನದು ಮ್ಮ, ಅಂತ ಮಾವ ಬಿಡಿಸಿ ಬಿಡಿಸಿ ಹೇಳಿದರು. ಬಿಡಿ ಬೇಡ, ಕೂಡಿಸಿ ಹೇಳಿರಿ, ಅಂದರು ಅತ್ತೆ. ಮಾವ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

“ಬಂಡಮ್ಮ” ಅಂದರು.

ಅತ್ತೆ ಅಕ್ಷರಗಳ ಮೇಲೆ ಬೆರಳು ಇಟ್ಟು, ಒಂದೊಂದನ್ನೂ ಒತ್ತಿ, ತಾವೇ ಓದಿದರು. ತಮ್ಮ ಹೆಸರನ್ನು ಬೇರೆ ಯಾರದೋ ಹೆಸರಿನಂತೆ ಎಚ್ಚರದಿಂದ ಓದಿದರು. ಓದಿ ಮುಗಿಸಿ, “ಕುರಿ ಅಲ್ಲ ಮತ್ತ” ಅಂದರು. ಕಣ್ಣಲ್ಲಿ ನೀರು ಬಂತು. ಮಾವ ಗಾಬರಿಯಾಗಿ, ಯಾಕೆ ಅಳುತ್ತಿ ಅಂತ ಕೇಳಿದರು. ಆ ಹುಡುಗಿ ಯಾಕೆ ಅತ್ತಿದ್ದಳೋ ಅದಕ್ಕೇ, ಅಂದರು ಅತ್ತೆ. ಮುಂದಿನ ಅಕ್ಷರ ಬರೆಸಿರಿ, ಅಂತ ಬೆರಳು ಚಾಚಿದರು.

ಭಂಡಾರ ಮುಟ್ಟಿ ಕೊಟ್ಟ ಮಾತನ್ನು ಮಾವ ಆ ಭಾನುವಾರ ಮುರಿದರು.